ಮುಪ್ಪಿನ ಬೆಕ್ಕಿನ ಆರೈಕೆ

ಇಲಿಗಳ ಕಾಟಕ್ಕೆಂದು ಮನೆಗೆ ತಂದ ಬೆಕ್ಕಿನ ಮರಿಯು ಕೆಲವೇ ದಿನಗಳಲ್ಲಿ ಮಕ್ಕಳ ಒಡನಾಡಿಯಾಗುವುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ತಮ್ಮ ಮನೆಗಳಲ್ಲಿ ಕಂಡಿರಬಹುದು. ಅದೇ ಬೆಕ್ಕಿಗೆ ಹತ್ತು ಹನ್ನೆರಡು ವರ್ಷಗಳು ತುಂಬಿ, ಮೈ ಬಡವಾಗಿ, ಅದು ಮೂಲೆಯಲ್ಲಿ ಮುದುಡಿಕೊಂಡು ಮಲಗಲಾರಂಭಿಸಿದಾಗ, “ವಯಸ್ಸಾಯಿತು, ಮಾಡುವುದೇನು?” ಎಂದು ಹೇಳಿ ಸುಮ್ಮನಾಗುವುದು ವಾಡಿಕೆ. ಈ ಮಾತು ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶವು. ಮುಪ್ಪು ತಾನಾಗಿ ಒಂದು ರೋಗವಲ್ಲ. ಮುಪ್ಪೆಂದು ನಾವು ಕಡೆಗಣಿಸುವ ಲಕ್ಷಣಗಳಲ್ಲಿ ಅನೇಕವು ಚಿಕಿತ್ಸೆಯುಳ್ಳ ರೋಗಗಳ ಗುರುತುಗಳಾಗಿರುತ್ತವೆ. ಬೆಕ್ಕಾದರೋ ತನ್ನ ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ಆದುದರಿಂದ ಅದನ್ನು ಸಾಕಿದವರೇ ಗಮನವಿಟ್ಟು ನೋಡತಕ್ಕದ್ದು.

ಬೆಕ್ಕಿನ 10 ವರ್ಷವು ಮನುಷ್ಯರ ಸುಮಾರು 56 ವರ್ಷಕ್ಕೂ, ಅದರ 15 ವರ್ಷವು ಸುಮಾರು 76 ವರ್ಷಕ್ಕೂ ಸಮವೆಂದು ಪಶುವೈದ್ಯರು ಎಣಿಸುತ್ತಾರೆ. ಹತ್ತು ದಾಟಿದ ಬೆಕ್ಕನ್ನು ವೃದ್ಧರ ಸಾಲಿಗೆ ಸೇರಿಸಿ ಆರೈಕೆ ಮಾಡುವುದು ಯುಕ್ತ.

ಆಹಾರ

ಬೆಕ್ಕು ಹುಟ್ಟಿನಿಂದಲೇ ಮಾಂಸಾಹಾರಿ. ಅದಕ್ಕೆ ಬೇಕಾದ ಟಾರಿನ್ ಎಂಬ ದ್ರವ್ಯವು ಮಾಂಸ ಮತ್ತು ಮೀನುಗಳಲ್ಲಿ ಇರುತ್ತದೆ. ಅನ್ನ, ಬೇಳೆ, ತರಕಾರಿಗಳಲ್ಲಿ ಇಲ್ಲ. ಈ ದ್ರವ್ಯದ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುತ್ತದೆಂಬುದು 1975ರಲ್ಲಿಯೂ, ಹೃದಯವು ದುರ್ಬಲವಾಗುತ್ತದೆಂಬುದು 1987ರಲ್ಲಿಯೂ ಅಮೇರಿಕದ ವಿಜ್ಞಾನಿಗಳಿಂದ ಪ್ರಕಟವಾಯಿತು. ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಬಡಿಸುವ ಹಾಲು ಅನ್ನವು ಹೊಟ್ಟೆಯನ್ನು ತುಂಬಿಸಬಲ್ಲದೇ ಹೊರತು ಬೆಕ್ಕನ್ನು ಪೋಷಿಸಲಾರದು. ಮೇಲಾಗಿ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆ ಭೇದಿಯಾಗುತ್ತದೆ.

ಮಾಂಸವನ್ನು ಬೇಯಿಸದ ಮನೆಯವರು ಅಂಗಡಿಗಳಲ್ಲಿ ದೊರೆಯುವ, ಬೆಕ್ಕುಗಳಿಗೆಂದೇ ತಯಾರಾದ ಪೂರ್ಣ ಆಹಾರವನ್ನು ಕೊಡಬಹುದು. ಬೇಯಿಸುವ ಮನೆಯವರು ಉಪ್ಪು ಖಾರ ಹಾಕದೆ, ಮುಳ್ಳು ಎಲುಬುಗಳನ್ನು ತೆಗೆದ ಮೀನನ್ನೋ ಕೋಳಿಯ ಮಾಂಸವನ್ನೋ ಅದಕ್ಕೆ ಜೊತೆಯಾಗಿ ಕೊಡಬಹುದು. ಕೆಲವು ಜಾತಿಯ ಹಸಿ ಮೀನುಗಳು ಬಿ1 ಜೀವಸತ್ವವನ್ನು ನಾಶಮಾಡುತ್ತವಾದ್ದರಿಂದ ಮೀನನ್ನು ಬೇಯಿಸಿಯೇ ಕೊಡತಕ್ಕದ್ದು. ಈರುಳ್ಳಿ ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನು ಕೆಡಿಸುವುದರಿಂದ ಸಾರು ಕಲಸಿದ ಅನ್ನವನ್ನು ಹಾಕಕೂಡದು. ಮುಪ್ಪಿನಲ್ಲಿ ವಾಸನೆಯ ಶಕ್ತಿ ಕುಗ್ಗುವುದುಂಟು. ಆಹಾರವನ್ನು ತುಸು ಬೆಚ್ಚಗೆ ಮಾಡಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ಇಟ್ಟರೆ ಅದು ಮನಸ್ಸಿಟ್ಟು ತಿನ್ನುತ್ತದೆ. ವಯಸ್ಸಾಯಿತೆಂದು ಮಾಂಸದ ಅಂಶವನ್ನು ತಾವಾಗಿಯೇ ಕಡಮೆ ಮಾಡುವುದು ಸರಿಯಲ್ಲ. ಮೂತ್ರಪಿಂಡದ ರೋಗಕ್ಕೆ ಬೇರೆ ಪಥ್ಯವುಂಟು. ಅದನ್ನು ವೈದ್ಯರೇ ಗೊತ್ತುಮಾಡಬೇಕು.

ಗಮನಿಸತಕ್ಕ ಲಕ್ಷಣಗಳು

ಮೊದಲನೆಯದಾಗಿ ನೀರು. 4 ಕಿಲೋ ತೂಗುವ ಬೆಕ್ಕಿಗೆ, ಆಹಾರದಲ್ಲಿರುವ ನೀರೂ ಸೇರಿ, ದಿನಕ್ಕೆ ಸುಮಾರು 200 ಮಿಲಿಲೀಟರ್ ಸಾಕು. ಅಳತೆಯ ಲೋಟದಿಂದ ಬಟ್ಟಲಿಗೆ ನೀರು ಹಾಕಿ, ಮರುದಿನ ಉಳಿದುದನ್ನು ಅಳೆದರೆ ಕುಡಿದದ್ದೆಷ್ಟೆಂದು ತಿಳಿಯುವುದು. ದಿನಕ್ಕೆ 400 ಮಿಲಿಲೀಟರಿಗಿಂತ ಹೆಚ್ಚು ಕುಡಿದರೆ ಮೂತ್ರಪಿಂಡದ ರೋಗ, ಸಿಹಿಮೂತ್ರ ರೋಗ ಮುಂತಾದವುಗಳ ಸಂದೇಹ ಪಡಬೇಕು. ಅಷ್ಟು ಮುಟ್ಟದಿದ್ದರೂ, ಎಂದಿಗಿಂತ ಹೆಚ್ಚುತ್ತಾ ಬಂದರೆ ವೈದ್ಯರಿಗೆ ತಿಳಿಸತಕ್ಕದ್ದು. ಮೂತ್ರವು ನೀರಿನಂತೆ ತೆಳ್ಳಗಾಗುವ ವೇಳೆಗೆ ಮೂತ್ರಪಿಂಡಗಳ ಶಕ್ತಿಯಲ್ಲಿ ಸುಮಾರು ಮೂರರಲ್ಲೆರಡು ಪಾಲು ಹೋಗಿರುತ್ತದೆ. ಹೋದ ಶಕ್ತಿ ಮರಳಿ ಬಾರದು. ಆದರೆ ಉಳಿದುದನ್ನು ಪಥ್ಯದಿಂದಲೂ ಔಷಧದಿಂದಲೂ ಬಹುಕಾಲ ಕಾಪಾಡಬಹುದು.

ಎರಡನೆಯದು ತೂಕ. ಬೆಕ್ಕನ್ನು ಮುಚ್ಚಳದ ಬುಟ್ಟಿಯಲ್ಲಿಟ್ಟು ತೂಗಿ, ಬುಟ್ಟಿಯ ತೂಕವನ್ನು ಕಳೆಯಿರಿ. 4 ಕಿಲೋ ಇದ್ದ ಬೆಕ್ಕು 400 ಗ್ರಾಂ ಇಳಿದರೆ ಹತ್ತರಲ್ಲೊಂದು ಪಾಲು ಕರಗಿತೆಂದು ಅರ್ಥ. 60 ಕಿಲೋ ತೂಗುವ ಮನುಷ್ಯನು 6 ಕಿಲೋ ಇಳಿದಂತೆ ಅದು. ಚೆನ್ನಾಗಿ ತಿನ್ನುತ್ತಲೇ ಬಡವಾಗುವ ಬೆಕ್ಕನ್ನು ವಿಶೇಷವಾಗಿ ಗಮನಿಸಬೇಕು. ಅದರ ಹಸಿವನ್ನು ಕಂಡು ಮನೆಯವರು ಸಂತೋಷಪಡುತ್ತಿರುವಾಗ, ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯು ಮಿತಿಮೀರಿ ಕೆಲಸ ಮಾಡಿ ಮೈಯನ್ನು ಕರಗಿಸುತ್ತಿರಬಹುದು. 1979ರಲ್ಲಿ ಮೊದಲು ವಿವರಿಸಲ್ಪಟ್ಟ ಈ ರೋಗಕ್ಕೆ ಇಂದು ಒಳ್ಳೆಯ ಔಷಧವಿದೆ.

ಮೂರನೆಯದು ನಡೆ. 2002ರಲ್ಲಿ ಪ್ರಕಟವಾದ ಒಂದು ಪರಿಶೋಧನೆಯಲ್ಲಿ, 12 ವರ್ಷ ಮೀರಿದ 100 ಬೆಕ್ಕುಗಳ ಎಕ್ಸ್‌ರೇ ಚಿತ್ರಗಳನ್ನು ನೋಡಲಾಗಿ, 90 ಬೆಕ್ಕುಗಳಲ್ಲಿ ಕೀಲುಗಳ ಸವೆತವು ಕಂಡುಬಂದಿತು. ಕಿಟಕಿಗೆ ಹಾರುವುದನ್ನು ಬಿಟ್ಟ ಬೆಕ್ಕು ಸೋಮಾರಿಯಾಯಿತೆಂದು ತಿಳಿಯಬಾರದು; ಅದಕ್ಕೆ ನೋವಿರಬಹುದು. ಹತ್ತಲು ಒಂದು ಮಣೆಯನ್ನೂ, ಬೆಚ್ಚಗಿನ ಹಾಸಿಗೆಯನ್ನೂ, ಅಂಚು ತಗ್ಗಾದ ಮರಳಿನ ತಟ್ಟೆಯನ್ನೂ ಒದಗಿಸಿರಿ. ಜೊಲ್ಲು ಸುರಿಸುವುದು, ತುತ್ತನ್ನು ಬಾಯಿಂದ ಬೀಳಿಸುವುದು ಹಲ್ಲುನೋವಿನ ಗುರುತು. ಒಮ್ಮೆಲೇ ಕಣ್ಣು ಕಾಣದಂತಾದರೆ ರಕ್ತದೊತ್ತಡ ಹೆಚ್ಚಿರಬಹುದು. ಆಗ ಒಂದು ದಿನವೂ ತಡಮಾಡಕೂಡದು.

ವೈದ್ಯರ ಸಹಾಯ

ಹತ್ತು ದಾಟಿದ ಬೆಕ್ಕನ್ನು ಆರು ತಿಂಗಳಿಗೊಮ್ಮೆ ಪಶುವೈದ್ಯರಿಗೆ ತೋರಿಸಿ, ಹಲ್ಲು, ರಕ್ತ, ಮೂತ್ರ, ರಕ್ತದೊತ್ತಡಗಳನ್ನು ಪರೀಕ್ಷೆ ಮಾಡಿಸುವುದು ಉತ್ತಮ. ಹುಚ್ಚುನಾಯಿ ರೋಗದ ಲಸಿಕೆಯು ಮುದಿ ಬೆಕ್ಕಿಗೂ ಅವಶ್ಯವೇ. ದನಕರುಗಳಿಗೆ ಮಾತ್ರ ವೈದ್ಯರೆಂಬ ಭಾವನೆಯನ್ನು ಬಿಡಬೇಕು. ಸರಕಾರದ ಪಶು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. 1958ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂತೆ ಬೀದರ, ಹಾಸನ, ಶಿವಮೊಗ್ಗಗಳಲ್ಲಿಯೂ ಕಾಲೇಜುಗಳಿವೆ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಮನುಷ್ಯರ ಜ್ವರದ ಮಾತ್ರೆಯಾದ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ಬೆಕ್ಕು ಒಂದು ದಿನವಿಡೀ ಏನನ್ನೂ ತಿನ್ನದಿದ್ದರೆ, ನಾಳೆ ತಿಂದೀತೆಂದು ಕಾಯದೆ ವೈದ್ಯರಲ್ಲಿಗೆ ಒಯ್ಯಬೇಕು. ಯಾಕೆಂದರೆ ಉಪವಾಸವು ಕೆಲವು ದಿನ ಮುಂದುವರಿದರೆ ಪಿತ್ತಕೋಶದ ಬಳಿಯ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಾಪಾಯವಾಗುತ್ತದೆ.

ಎಲ್ಲಾ ರೋಗಗಳೂ ಗುಣವಾಗುವವೆಂದು ಹೇಳಲಾಗದು. ಗುಣವಾಗದಿದ್ದಾಗಲೂ ನೋವನ್ನು ತಗ್ಗಿಸುವ ಉಪಾಯಗಳು ವೈದ್ಯರಲ್ಲಿವೆ. ಇಲಿ ಹಿಡಿಯುವ ಶಕ್ತಿ ಹೋಯಿತೆಂದು ಮುದಿ ಬೆಕ್ಕನ್ನು ಚೀಲದಲ್ಲಿ ಕಟ್ಟಿ ಸಂತೆಯ ಬಯಲಿನಲ್ಲಿ ಬಿಟ್ಟುಬರುವ ಮನೆಯಲ್ಲಿ ಮಕ್ಕಳು ಯಾವ ಪಾಠವನ್ನು ಕಲಿತಾರು? ತಾಯಂದಿರು ಮಗಳ ಕೈಗೆ ಒಂದು ಚಿಕ್ಕ ಪುಸ್ತಕವನ್ನು ಕೊಟ್ಟು, ಪ್ರತಿ ತಿಂಗಳ ಮೊದಲನೆಯ ಭಾನುವಾರ ಬೆಕ್ಕಿನ ತೂಕವನ್ನೂ, ಅದು ಕುಡಿದ ನೀರಿನ ಅಳತೆಯನ್ನೂ, ಕಂಡ ಬದಲಾವಣೆಗಳನ್ನೂ ಬರೆಯಿಸಲಿ. ವೈದ್ಯರ ಮುಂದೆ ಮಾತು ಬಾರದ ಪ್ರಾಣಿಯ ಪರವಾಗಿ ಆ ಪುಸ್ತಕವೇ ಮಾತನಾಡುವುದು.