ಎರಡು ತಳಿಗಳ ಹುಟ್ಟುವಳಿಯ ಏರಿಳಿತವನ್ನು ಹೋಲಿಸುವ ಕ್ರಮ

ರಾಗಿಯ ಎರಡು ತಳಿಗಳಲ್ಲಿ ಯಾವುದು ಉತ್ತಮವೆಂದು ನಿಶ್ಚಯಿಸುವಾಗ ವ್ಯವಸಾಯಗಾರರು ಸಾಮಾನ್ಯವಾಗಿ ಸರಾಸರಿ ಹುಟ್ಟುವಳಿಯೊಂದನ್ನೇ ನೋಡುವರು. ದೊಡ್ಡಬಳ್ಳಾಪುರ ತಾಲ್ಲೂಕಿನ ಬಾಶೆಟ್ಟಿಹಳ್ಳಿಯ ಕಡೆಯಂತೆ ಮಳೆಯನ್ನು ನಂಬಿ ರಾಗಿ ಬೆಳೆಯುವ ಖುಷ್ಕಿ ಸೀಮೆಯಲ್ಲಿ ಇದು ಸಾಲದು. ಸರಾಸರಿಯು ಒಂದೇ ಆಗಿದ್ದರೂ, ಒಂದು ತಳಿಯು ಎಲ್ಲ ಹೊಲಗಳಲ್ಲಿಯೂ ಹೆಚ್ಚುಕಡಮೆ ಸಮನಾಗಿ ಫಲಿಸಬಹುದು. ಮತ್ತೊಂದು ತಳಿಯು ಒಂದು ಹೊಲದಲ್ಲಿ ಕಣಜ ತುಂಬಿಸಿ, ಪಕ್ಕದ ಹೊಲದಲ್ಲಿ ಬೇಸಾಯದ ಖರ್ಚನ್ನೂ ಕೊಡದೆ ಹೋಗಬಹುದು. ಹಲವು ಹೊಲಗಳುಳ್ಳವರು ಈ ನಷ್ಟವನ್ನು ತಡೆದುಕೊಳ್ಳುವರು. ಒಂದೇ ಹೊಲವುಳ್ಳ ಕುಟುಂಬಕ್ಕೆ ವರ್ಷದ ಹಿಟ್ಟೇ ತಪ್ಪಿದಂತಾಗುವುದು.

ಏರಿಳಿತವನ್ನು ಅಳೆಯುವ ಕ್ರಮಕ್ಕೆ ಕಲ್ಪಿತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಐದೈದು ತಾಕುಗಳಲ್ಲಿ ಮೊದಲನೆಯ ತಳಿಯು ಎಕರೆಗೆ 8, 9, 10, 11, 12 ಕ್ವಿಂಟಾಲುಗಳನ್ನೂ, ಎರಡನೆಯದು 6, 8, 10, 12, 14 ಕ್ವಿಂಟಾಲುಗಳನ್ನೂ ಕೊಟ್ಟಿತೆನ್ನೋಣ. ಎರಡರ ಸರಾಸರಿಯೂ 10. ಪ್ರತಿಯೊಂದು ಅಂಕಿಗೂ ಸರಾಸರಿಗೂ ಇರುವ ಅಂತರವನ್ನು ವರ್ಗಮಾಡಿ, ಆ ವರ್ಗಗಳನ್ನೆಲ್ಲ ಕೂಡಿ, ತಾಕುಗಳ ಸಂಖ್ಯೆಗಿಂತ ಒಂದು ಕಡಮೆಯಾದ ಸಂಖ್ಯೆಯಿಂದ ಭಾಗಿಸತಕ್ಕದ್ದು. ಮೊದಲನೆಯ ತಳಿಗೆ 10ನ್ನು 4ರಿಂದ ಭಾಗಿಸಲು 2.5, ಎರಡನೆಯದಕ್ಕೆ 40ನ್ನು 4ರಿಂದ ಭಾಗಿಸಲು 10. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 4 ಬರುವುದು. ಈ ಬಗೆಯ ಹೋಲಿಕೆಯ ಶಾಸ್ತ್ರವನ್ನು ಬೆಳೆಸಿದವರು, 1919ರಲ್ಲಿ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ವ್ಯವಸಾಯ ಪ್ರಯೋಗಶಾಲೆಯನ್ನು ಸೇರಿದ ಆರ್. ಎ. ಫಿಷರ್ ಅವರು. ಅಮೆರಿಕದ ಸ್ನೆಡೆಕಾರ್ ಅವರು 1934ರಲ್ಲಿ ಫಿಷರರ ಗೌರವಾರ್ಥವಾಗಿ ಈ ಭಾಗಲಬ್ಧಕ್ಕೆ 'ಎಫ್' ಎಂದು ಹೆಸರಿಟ್ಟರು.

ನಾಲ್ಕರಷ್ಟು ಭೇದ ಕಂಡೊಡನೆ ಎರಡನೆಯ ತಳಿಯನ್ನು ತಳ್ಳಿಹಾಕಕೂಡದು. ಯಾತಕ್ಕೆಂದರೆ, ತಳಿಗಳಲ್ಲಿ ಏರಿಳಿತದ ಭೇದವೇನೂ ಇಲ್ಲದಿದ್ದರೂ ಇಷ್ಟು ಅಂತರವು ಆಕಸ್ಮಿಕವಾಗಿ ಬರಬಹುದು. ಐದೈದು ತಾಕುಗಳಿದ್ದಾಗ ಭಾಗಲಬ್ಧವು 9.60ನ್ನು ಮೀರುವ ಸಂಭವವು ಅಂಥ ತಳಿಗಳಲ್ಲಿ ನೂರಕ್ಕೆ ಐದು ಮಾತ್ರ. ಅದನ್ನು ಮೀರಿದರೆ ಭೇದವು ನಿಜವೆಂದು ನಂಬಬಹುದು. ತಾಕುಗಳು ಹದಿನಾರು ಹದಿನಾರಾದರೆ ಈ ಮಿತಿಯು 2.86ಕ್ಕೆ ಇಳಿಯುವುದು. ಆದುದರಿಂದ ಅದೇ 4 ಎಂಬ ಅಂಕಿಯು ಐದು ತಾಕುಗಳಲ್ಲಿ ಸಂದೇಹವಾಗಿಯೂ ಹದಿನಾರರಲ್ಲಿ ಬಲವಾದ ಸಾಕ್ಷ್ಯವಾಗಿಯೂ ಇರುವುದು.

ಒಂದು ತಾಕಿಗೆ ಕಾಡುಹಂದಿ ನುಗ್ಗಿದ್ದರೆ, ಅಥವಾ ನೀರು ನಿಂತು ಪೈರು ಕೊಳೆತಿದ್ದರೆ, ಆ ಒಂದು ಅಂಕಿಯೇ ವರ್ಗಮಾಡಿದಾಗ ಬಹಳ ದೊಡ್ಡದಾಗಿ ಲೆಕ್ಕವನ್ನೆಲ್ಲ ಕೆಡಿಸುವುದು. ಇದಕ್ಕಾಗಿ 1960ರಲ್ಲಿ ಲೆವೀನ್ ಅವರು, ವರ್ಗಮಾಡದೆ ಸರಾಸರಿಯಿಂದಿರುವ ದೂರಗಳನ್ನೇ ಹೋಲಿಸುವ ಕ್ರಮವನ್ನು ಸೂಚಿಸಿದರು. ಮೇಲಿನ ತಳಿಗಳಲ್ಲಿ ಆ ದೂರಗಳ ಸರಾಸರಿಯು 1.2 ಮತ್ತು 2.4. 1974ರಲ್ಲಿ ಬ್ರೌನ್ ಮತ್ತು ಫೋರ್ಸೈತ್ ಅವರು ಸರಾಸರಿಗೆ ಬದಲಾಗಿ, ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಅಂಕಿಯಿಂದ ದೂರವನ್ನು ಅಳೆದು ಅದನ್ನು ಇನ್ನಷ್ಟು ಭದ್ರಪಡಿಸಿದರು.

ಗ್ರಾಮದ ಮುಖಂಡರೂ ಭೂಮಾಲೀಕರೂ ತಳಿಗಳ ಪರೀಕ್ಷೆ ನಡೆಸುವಾಗ ಯಾವ ತಾಕಿಗೆ ಯಾವ ಬೀಜವೆಂಬುದನ್ನು ಚೀಟಿ ಎತ್ತಿ ಗೊತ್ತುಮಾಡತಕ್ಕದ್ದು. ಇಲ್ಲವಾದರೆ ಒಳ್ಳೆಯ ಮಣ್ಣೆಲ್ಲ ಒಂದೇ ತಳಿಯ ಪಾಲಾಗಬಹುದು. ಎರಡಕ್ಕೂ ಗೊಬ್ಬರವನ್ನೂ ಬಿತ್ತನೆಯ ಕಾಲವನ್ನೂ ಸಮನಾಗಿಡತಕ್ಕದ್ದು. ಕಣದಲ್ಲಿ ರಾಶಿಗಳನ್ನು ಒಟ್ಟುಗೂಡಿಸುವ ಮೊದಲೇ ಪ್ರತಿಯೊಂದು ತಾಕಿನ ತೂಕವನ್ನು ಬೇರೆಬೇರೆಯಾಗಿ ಬರೆದಿಡತಕ್ಕದ್ದು. ಒಮ್ಮೆ ಒಟ್ಟಾದ ರಾಶಿಯಿಂದ ಸರಾಸರಿಯನ್ನು ತಿಳಿಯಬಹುದೇ ಹೊರತು ಏರಿಳಿತವನ್ನು ತಿಳಿಯಲಾಗದು.