ಬಟನ್ ಒತ್ತುವ ಮುನ್ನ ಇಲಿ ಹುಡುಕಿ

ಪ್ರಶ್ನೆ: ನಾನಿರುವುದು ಅಮೆರಿಕದ ಮಿಷಿಗನ್ ರಾಜ್ಯದ ನೋವೈನಲ್ಲಿ. ಬಹಳ ದಿನದ ಆಸೆ ತೀರಿಸಿಕೊಳ್ಳಲು ಸೆಕೆಂಡ್ ಹ್ಯಾಂಡ್ 2009ರ ಕಾರ್ವೆಟ್ ಕೊಂಡೆ. ಕೂಪೆ, ಮ್ಯಾನ್ಯುಯಲ್ ಗೇರು. ನವೆಂಬರ್‌ನಲ್ಲಿ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ನಿಲ್ಲಿಸಿ ಕವರ್ ಹೊದಿಸಿದವನು ಮತ್ತೆ ಮುಟ್ಟಲಿಲ್ಲ. ಈಗ ಏಪ್ರಿಲ್. ಬಾಗಿಲೇ ತೆರೆಯುತ್ತಿಲ್ಲ. ‘ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡು ಅಂತ ಬಡ್ಕೊಂಡೆ, ಕೇಳಲಿಲ್ಲ. ಎಂಜಿನ್ ಹಿಡ್ಕೊಂಡಿರುತ್ತೆ’ ಅಂತ ಬೆಂಗಳೂರಿನಿಂದ ಅಪ್ಪ ಫೋನಿನಲ್ಲಿ ಬೈಯುತ್ತಿದ್ದಾರೆ. ನಿಜವೇ? ಈಗ ಹೇಗೆ ಸ್ಟಾರ್ಟ್ ಮಾಡಲಿ?

ಉತ್ತರ: ಹಿಡಿದುಕೊಂಡಿರಲಾರದು. ಐದು ತಿಂಗಳು ಒಣ ಗ್ಯಾರೇಜಿನಲ್ಲಿ ನಿಂತ ಮಾತ್ರಕ್ಕೆ 6.2 ಲೀಟರಿನ ವಿ8 ಜಾಮ್ ಆಗುವುದಿಲ್ಲ. ಆಯಿಲ್ ಕೆಳಗಿಳಿದರೂ ಬೇರಿಂಗುಗಳ ಮೇಲೆ ತೆಳು ಪದರ ಉಳಿದೇ ಇರುತ್ತದೆ. ಅಪ್ಪನ ಮಾತು ಕೇಳದಿದ್ದದ್ದೇ ಒಳ್ಳೆಯದಾಯಿತು (ಇದನ್ನು ಅವರಿಗೆ ನೀವೇ ಹೇಳಿ, ನನ್ನ ಹೆಸರು ಬೇಡ). ಬೆಂಗಳೂರಿನಲ್ಲಿ ಭಾನುವಾರ ಕಾರು ತೆಗೆದು ಊರು ಸುತ್ತಿ ಬಂದರೆ ಅದು ಸರಿ. ಮೈನಸ್ ಹದಿನೈದರ ಚಳಿಯಲ್ಲಿ ಹತ್ತು ನಿಮಿಷ ನಿಂತಲ್ಲೇ ಓಡಿದ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ನೀರಾಗಿ ಕೂರುತ್ತದೆ. ಸ್ಟಾರ್ಟರ್ ಎಳೆದುಕೊಂಡ ಕರೆಂಟು ಅಷ್ಟರಲ್ಲಿ ಬ್ಯಾಟರಿಗೆ ವಾಪಸ್ಸಾಗುವುದೂ ಕಷ್ಟ.

ಸತ್ತಿರುವುದು ಬ್ಯಾಟರಿ. ನಿಮ್ಮ ಕಾರಿನ ಬಾಗಿಲು ಬಿಡಿಸಿಕೊಳ್ಳುವುದೂ ವಿದ್ಯುತ್ತಿನಿಂದಲೇ, ಹಾಗಾಗಿ ಹೊರಗೇ ಉಳಿದಿದ್ದೀರಿ. ಹಿಂದಿನ ನಂಬರ್ ಪ್ಲೇಟಿನ ಮೇಲ್ಗಡೆ ಬೆರಳಾಡಿಸಿ, ಕೀ ಹಾಕುವ ತೂತು ಸಿಗುತ್ತದೆ. ರಿಮೋಟಿನೊಳಗೆ ಅಡಗಿರುವ ಸಣ್ಣ ಕೀ ಅಲ್ಲಿ ತಿರುಗಿಸಿದರೆ ಹಿಂಬದಿಯ ಹ್ಯಾಚ್ ತೆರೆಯುತ್ತದೆ. ಅದರೊಳಗೆ ಡ್ರೈವರ್ ಬದಿಯಲ್ಲಿ ಬಾಗಿಲು ಬಿಡಿಸುವ ಪಟ್ಟಿಯೊಂದಿದೆ, ಎಳೆಯಿರಿ.

ಒಳಗೆ ಹೋದಿರಿ ಅಂತ ಕೇಬಲ್ ಹಿಡಿದು ಪಕ್ಕದ ಮನೆಯವರನ್ನು ಜಂಪ್ ಸ್ಟಾರ್ಟಿಗೆ ಕರೆಯಬೇಡಿ. ಚಾರ್ಜ್ ತುಂಬಿದ ಬ್ಯಾಟರಿ ಮೈನಸ್ 50 ಡಿಗ್ರಿಗೂ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದದ್ದು ಮೈನಸ್ 7ರ ಆಸುಪಾಸಿನಲ್ಲೇ ಗಟ್ಟಿಯಾಗಬಹುದು, ನಿಮ್ಮ ಜನವರಿ ಅದಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಕಂಡರೆ ಚಾರ್ಜರನ್ನೂ ತಾಗಿಸಬೇಡಿ. ಸಿಡಿಯಬಹುದು, ಹೊಸದು ತನ್ನಿ. ನೋಡಲು ನೆಟ್ಟಗಿದ್ದರೆ ಇಡೀ ರಾತ್ರಿ ನಿಧಾನ ಚಾರ್ಜಿಗೆ ಹಾಕಿ, ಬಿಚ್ಚಿ, ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿಯಿರಿ. 12.6 ವೋಲ್ಟ್ ತೋರಿಸಿದರೆ ಸರಿ. 12.4ರ ಕೆಳಗೇ ನಿಂತರೆ ಅದನ್ನು ನಂಬಿ ದೂರ ಹೋಗಬೇಡಿ. ಸತ್ತ ಬ್ಯಾಟರಿಗೆ ಜೀವ ತುಂಬುವುದು ಆಲ್ಟರ್ನೇಟರಿನ ಕೆಲಸವೂ ಅಲ್ಲ, ಅದಕ್ಕೆ ಆ ಭಾರ ಹೊರಿಸಬಾರದು.

ಚಾರ್ಜ್ ಆಗುತ್ತಿರುವಾಗ ಇಲಿ ಹುಡುಕಿ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಬೇಸ್‌ಮೆಂಟುಗಳಲ್ಲಿ ನಿಂತ ಕಾರುಗಳ ವೈರನ್ನು ಇಲಿ ಕಡಿದ ಕಥೆ ಅಪ್ಪನಿಗೂ ಗೊತ್ತಿರುತ್ತದೆ. ಮಿಷಿಗನ್ನಿನ ಇಲಿಗೆ ಚಳಿಗಾಲದಲ್ಲಿ ಏರ್ ಫಿಲ್ಟರ್ ಡಬ್ಬಿಯಷ್ಟು ಬೆಚ್ಚನೆಯ ಬಾಣಂತಿಕೋಣೆ ಬೇರೆಲ್ಲಿ ಸಿಕ್ಕೀತು! ಆ ಡಬ್ಬಿ ಬಿಚ್ಚಿ ನೋಡಿ. ಎಸಿ ಫಿಲ್ಟರು, ಎಂಜಿನ್ ಮೇಲಿನ ಮುಚ್ಚಳದ ಅಡಿ, ಸೈಲೆನ್ಸರಿನ ಬಾಯಿ, ಸೀಟಿನ ಕೆಳಗೆ, ಎಲ್ಲ ಕಡೆ ಟಾರ್ಚ್ ಬಿಡಿ. ಗೂಡೊಂದು ಒಳಗೇ ಉಳಿದು ನೀವು ಸ್ಟಾರ್ಟ್ ಮಾಡಿದರೆ ಹುಲ್ಲು, ಹತ್ತಿ ಎಂಜಿನ್ನಿನ ಉಸಿರು ಕಟ್ಟಿಸುತ್ತವೆ. ಬಿಸಿ ಕೊಳವೆಯ ಮೇಲಿದ್ದರೆ ಬೆಂಕಿಯೇ. ಹಿಕ್ಕೆ ಕಂಡರೆ ಮಾತ್ರ ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಅಲ್ಲಿನ ಡೀರ್ ಮೌಸ್ ಎಂಬ ಇಲಿ ಹಂಟಾವೈರಸ್ ಹೊತ್ತಿರಬಹುದು, ದೂಳಿನ ಜೊತೆ ಅದು ಶ್ವಾಸಕೋಶ ಸೇರುತ್ತದೆ. ಮಿಷಿಗನ್ನಿನಲ್ಲೂ 2021ರಲ್ಲಿ ಒಬ್ಬರಿಗೆ ಬಂದದ್ದು ದಾಖಲಾಗಿದೆ. ಗ್ಯಾರೇಜಿಗೆ ಗಾಳಿಯಾಡಲು ಬಿಟ್ಟು, ಗ್ಲೌಸ್ ತೊಟ್ಟು, ಸೋಂಕುನಾಶಕ ಸಿಂಪಡಿಸಿ ನೆನೆಯಲು ಬಿಡಿ. ಆಮೇಲೆ ಪೇಪರಿನಲ್ಲಿ ಒರೆಸಿ ತೆಗೆಯಿರಿ.

ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮಟ್ಟ ನೋಡಿ. ನೆಲದ ಮೇಲೆ ಕಲೆ ಇದೆಯೇ ಬಗ್ಗಿ ನೋಡಿ. ಇದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಬ್ಯಾಟರಿ ಸರಿಯಾದ ಮೇಲೆ ಕಾರನ್ನು ನ್ಯೂಟ್ರಲ್‌ಗೆ ಹಾಕಿ, ಒಬ್ಬರು ಬ್ರೇಕಿನ ಹತ್ತಿರ ಕೂತು, ಇಬ್ಬರು ಸೇರಿ ಅಂಗಳಕ್ಕೆ ತಳ್ಳಿ. ಅಲುಗದಿದ್ದರೆ ಬ್ರೇಕ್ ತುಕ್ಕು ಹಿಡಿದು ಅಂಟಿದೆ ಎಂದರ್ಥ, ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟವರಿಗೆ ಇದು ಸಾಮಾನ್ಯ. ತಳ್ಳಲು ಇನ್ನೂ ದೊಡ್ಡ ಕಾರಣವಿದೆ. ಮನೆಗೆ ಅಂಟಿದ ಗ್ಯಾರೇಜಿನಲ್ಲಿ ತಣ್ಣನೆಯ ವಿ8 ಉಗುಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ತೆರೆದಿದ್ದರೂ ಅದು ಮನೆಯೊಳಗೆ ನುಸುಳುತ್ತದೆ.

ಅಂಗಳದಲ್ಲಿ ಕ್ಲಚ್ ಒತ್ತಿ, ಬಟನ್ ಒತ್ತಿ. ಆಕ್ಸಿಲರೇಟರ್ ಮುಟ್ಟಬೇಡಿ. ಕೆಲವೇ ಸೆಕೆಂಡಿನಲ್ಲಿ ಆಯಿಲ್ ಪ್ರೆಶರ್ ಮುಳ್ಳು ಏಳಬೇಕು. ಏಳದಿದ್ದರೆ ಆ ಕ್ಷಣವೇ ಆಫ್ ಮಾಡಿ. ಎದ್ದರೆ ಒಂದು ನಿಮಿಷ ಬಿಟ್ಟು, ಅಂಗಳದಲ್ಲೇ ನಾಲ್ಕು ಮಾರು ಚಲಿಸಿ ಬ್ರೇಕ್ ಒತ್ತಿ. ಪೆಡಲ್ ಗಟ್ಟಿಯಾಗಿರಬೇಕು, ಸ್ಪಂಜಿನಂತೆ ಕುಸಿಯಬಾರದು. ಹೊರಟ ಮೇಲೆ ಕೆರಕೆರ ಸದ್ದು ಬಂದೀತು. ಅದು ಡಿಸ್ಕಿನ ತುಕ್ಕು, ಹತ್ತಾರು ಸಲ ಮೆಲ್ಲನೆ ಬ್ರೇಕ್ ಹಾಕಿದರೆ ಹೋಗುತ್ತದೆ.

ನನಗೆ ನಿಜವಾದ ಅಂಜಿಕೆ ಇರುವುದು ಇದರ ನಂತರದ ಹತ್ತು ನಿಮಿಷದ ಬಗ್ಗೆ. ನೀವು ಎಂಜಿನ್ ಹಾಳಾದೀತೆಂದು ಬರೆದಿರಿ, ಟೈರಿನ ಮಾತೇ ಎತ್ತಲಿಲ್ಲ. 430 ಅಶ್ವಶಕ್ತಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಹೋಗುವ ಕಾರಿದು. ಅದಕ್ಕೆ ಹಾಕುವ ಸಮ್ಮರ್ ಟೈರಿನ ರಬ್ಬರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗಿ ರಸ್ತೆ ಕಚ್ಚುವುದನ್ನೇ ಬಿಡುತ್ತದೆ. ಮೈನಸ್ 7ರ ಕೆಳಗಿನ ಚಳಿ ತಿಂದ ಟೈರು ಬಿರುಕು ಬಿಟ್ಟಿರಲೂಬಹುದು; ಪಕ್ಕದ ಗೋಡೆ, ಗೆರೆಗಳ ಸಂದು ನೋಡಿ. ಡಾಟ್ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ, ವರ್ಷ ಹೇಳುತ್ತವೆ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಗೆರೆ ಆಳವಾಗಿದ್ದೂ ಹತ್ತು ವರ್ಷ ದಾಟಿದ ಟೈರು ಇರುವುದುಂಟು. ಅಂಥದ್ದರ ಮೇಲೆ ಒಂದು ಮೈಲಿಯೂ ಬೇಡ. ಗಾಳಿ ಇಳಿದಿರುತ್ತದೆ, ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವಷ್ಟು ತುಂಬಿಸಿ. ಮೊದಲು ಧಡಧಡ ನಡುಗಿದರೆ ಗಾಬರಿಯಾಗಬೇಡಿ. ಒಂದೇ ಕಡೆ ಒತ್ತಿ ಚಪ್ಪಟೆಯಾದ ಟೈರು ಬಿಸಿಯಾದಂತೆ ದುಂಡಗಾಗುತ್ತದೆ. ಇಪ್ಪತ್ತು ಮೂವತ್ತು ಮೈಲಿ ಹೋದರೂ ನಿಲ್ಲದಿದ್ದರೆ ಬದಲಿಸಿ.

ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಬೇಡಿ. ಆಯಿಲ್ ಟೆಂಪರೇಚರ್ ಡ್ಯಾಶ್‌ಬೋರ್ಡಿನಲ್ಲೇ ತೋರಿಸುತ್ತದೆ, ಅದು 150 ಫ್ಯಾರನ್‌ಹೀಟ್ ದಾಟುವವರೆಗೆ ಮೂರು ಸಾವಿರ ಆರ್‌ಪಿಎಂ ಮೀರಬೇಡಿ. ಅರ್ಧ ಗಂಟೆಯಾದರೂ ಓಡಿಸಿ ಬನ್ನಿ. ನವೆಂಬರ್‌ನಲ್ಲಿ ಆಯಿಲ್ ಬದಲಿಸಿರದಿದ್ದರೆ ಬಿಸಿ ಇರುವಾಗಲೇ ಬದಲಿಸಿ.

ಇನ್ನು ಯಾವ ದಿನ? ಬಿಸಿಲು ಬಂದ ಮೊದಲ ಶನಿವಾರ ಅಲ್ಲ. ಏಪ್ರಿಲಿನಲ್ಲೂ ಅಲ್ಲಿ ಹಿಮ ಬೀಳುತ್ತದೆ, ರಸ್ತೆಗೆ ಸುರಿದ ಉಪ್ಪು ಇನ್ನೂ ಅಂಚಿನಲ್ಲಿರುತ್ತದೆ. ಒಂದೆರಡು ಜೋರು ಮಳೆ ಅದನ್ನು ತೊಳೆಯಲಿ. ಚಳಿಗಾಲಕ್ಕೆಂದು ಇನ್ಶೂರೆನ್ಸನ್ನು ಸ್ಟೋರೇಜ್ ಕವರೇಜಿಗೆ ಇಳಿಸಿದ್ದರೆ ರಸ್ತೆಗಿಳಿಯುವ ಮೊದಲು ಪೂರ್ತಿ ಮಾಡಿಸಿ. ಮಿಷಿಗನ್ನಿನಲ್ಲಿ ನಂಬರ್ ಪ್ಲೇಟಿನ ಅವಧಿ ಸಾಮಾನ್ಯವಾಗಿ ಮಾಲೀಕರ ಹುಟ್ಟುಹಬ್ಬಕ್ಕೆ ಮುಗಿಯುತ್ತದೆ. ನಿಮ್ಮದು ಚಳಿಗಾಲದಲ್ಲಿ ಬರುತ್ತದೆಯೇ ನೋಡಿಕೊಳ್ಳಿ. ಮುಂದಿನ ನವೆಂಬರ್‌ಗೆ ಟ್ಯಾಂಕ್ ತುಂಬಿಸಿ ಸ್ಟೆಬಿಲೈಸರ್ ಹಾಕಿ, ಟೈರಿಗೆ ತುಸು ಹೆಚ್ಚು ಗಾಳಿ ತುಂಬಿಸಿ, ಹ್ಯಾಂಡ್‌ಬ್ರೇಕ್ ಎಳೆಯದೆ ಚಕ್ರಕ್ಕೆ ಅಡ್ಡ ಕೊಡಿ. ಬ್ಯಾಟರಿಗೆ ಮೇಂಟೇನರ್ ತಗುಲಿಸಿಟ್ಟರೆ ಬಾಗಿಲೂ ತೆರೆಯುತ್ತದೆ.