ಇಂದಿನ ಧಮ್ಮ ಚಿಂತನೆ: ನೋಡದಿದ್ದರೆ ಇರುವುದಿಲ್ಲವೇ?



ಹೋದ ಭಾನುವಾರ ಶಹಾಪುರದಲ್ಲಿ ವಂದನೆ ಮುಗಿದ ಮೇಲೆ ಸುರಪುರ ಕಡೆಯ ಪಿಯುಸಿ ಹುಡುಗನೊಬ್ಬ ಮೊಬೈಲ್‌ನಲ್ಲಿ ಒಂದು ಫಾರ್ವರ್ಡ್ ತೋರಿಸಿದ. ‘ನೋಡಿದರೆ ಮಾತ್ರ ವಸ್ತು ಇರುತ್ತದೆ, ಎಲ್ಲವೂ ಮನಸ್ಸಿನ ಸೃಷ್ಟಿ. ಕ್ವಾಂಟಮ್ ವಿಜ್ಞಾನ ಸಾಬೀತು ಮಾಡಿದೆ, ಬುದ್ಧ ಹೇಳಿದ್ದೂ ಇದನ್ನೇ.’ ಹುಡುಗ ಕೇಳಿದ: “ಹಂಗಾದ್ರ ಸರ್, ನಮ್ಮಪ್ಪಗ ಹೋಟೆಲಿನಾಗ ಬ್ಯಾರೆ ಕಪ್ಪಿನ್ಯಾಗ ಚಾ ಕೊಡ್ತಿದ್ರಲ್ಲ, ಅದೂ ಅವನ ಮನಸ್ಸಿನ ಸೃಷ್ಟಿ ಏನ್ರಿ?”

ನನಗೆ ತಕ್ಷಣ ಉತ್ತರ ಬರಲಿಲ್ಲ. ವಾರವಿಡೀ ಓದಿದೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟ ನಮಗೆಲ್ಲ ಗೊತ್ತು. ರಸ್ತೆಯ ಒಂದು ಕಡೆಯಿಂದ ಬುದ್ಧ ಕಾಣುತ್ತಾನೆ, ಮುಂದೆ ಹೋದರೆ ಬರೀ ಬಂಡೆ. ನೋಟ ಬದಲಾಯಿತು, ಬಂಡೆ ಬದಲಾಗಲಿಲ್ಲ. ಬೆಳಕಿನ ಕಣದ ಲೆಕ್ಕ ಬೇರೆ. ಎರಡು ದಾರಿ ತೆರೆದು ಕಣಗಳನ್ನು ಒಂದೊಂದಾಗಿ ಬಿಟ್ಟರೆ, ಬಹಳ ಕಣಗಳು ಬಿದ್ದ ಮೇಲೆ ಪರದೆಯಲ್ಲಿ ಪಟ್ಟೆಗಳು ಮೂಡುತ್ತವೆ. ಯಾವ ದಾರಿಯಲ್ಲಿ ಹೋಯಿತೆಂದು ಅಳೆದರೆ ಪಟ್ಟೆಗಳು ಇಲ್ಲವಾಗುತ್ತವೆ. ಹಾಗಾದರೆ ಅಳೆಯುವ ಮೊದಲು ಕಣ ಒಂದೇ ದಾರಿಯಲ್ಲಿ ಇತ್ತೇ? ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಮತ್ತು ಸಂಗಡಿಗರು 2022ರಲ್ಲಿ ಇದನ್ನೇ ಪರೀಕ್ಷಿಸಿದರು. ‘ಮೊದಲೇ ಖಚಿತ ಸ್ಥಿತಿ ಇತ್ತು’, ‘ಅದನ್ನು ಕದಲಿಸದೆ ಅಳೆಯಬಹುದು’ ಎಂಬ ಎರಡು ನಂಬಿಕೆಗಳು ಒಟ್ಟಿಗೆ ನಿಲ್ಲುವುದಿಲ್ಲ ಎಂದು ತೋರಿತು. ಇದರ ಅರ್ಥವೇನು ಎಂಬುದರಲ್ಲಿ ವಿಜ್ಞಾನಿಗಳಿಗೆ ಇಂದಿಗೂ ಒಮ್ಮತವಿಲ್ಲ.

ಆದರೆ ಪಟ್ಟೆ ಅಳಿಯಲು ಮನಸ್ಸೇ ಬೇಕೆಂದಿಲ್ಲ. 2003ರಲ್ಲಿ ವಿಯೆನ್ನಾದಲ್ಲಿ 70 ಇಂಗಾಲದ ಪರಮಾಣುಗಳುಳ್ಳ ಅಣುಗಳ ದಾರಿಗೆ ಸ್ವಲ್ಪ ಅನಿಲ ಬಿಟ್ಟರು. ಅನಿಲ ತಾಗಿದ್ದಕ್ಕೇ ಪಟ್ಟೆಗಳು ಮಸುಕಾದವು. ಅನಿಲಕ್ಕೆ ಮನಸ್ಸಿದೆಯೇ?

ಹುಡುಗನಿಗೆ ಹೇಳಿದೆ: ಆ ಕಪ್ಪನ್ನು ಬೇರೆ ಇಟ್ಟದ್ದು ಇಟ್ಟವರ ಕೈ, ನಿಮ್ಮಪ್ಪನ ಮನಸ್ಸಲ್ಲ. ಹಿಂದೆ ‘ಪೂರ್ವಜನ್ಮದ ಕರ್ಮ’ ಎಂದು ನಮ್ಮ ಮೇಲೆಯೇ ತಪ್ಪು ಹೊರಿಸಿದರು. ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಬಾಬಾಸಾಹೇಬರು ಆ ವಾದವನ್ನು ತಳ್ಳಿಹಾಕಿದರು. ಈಗ ಅದೇ ಹೊರೆ ವಿಜ್ಞಾನದ ಚೀಲದಲ್ಲಿ ಬಂದಿದೆ. ಮನಸ್ಸು ಮುಖ್ಯ ಎಂದು ಬುದ್ಧ ಹೇಳಿದ್ದು ನಮ್ಮ ನಡತೆ ತಿದ್ದಲು, ಅನ್ಯಾಯವನ್ನು ಭ್ರಮೆ ಎನ್ನಲು ಅಲ್ಲ.

ಕೇಳಿದ ಮಾತ್ರಕ್ಕೆ ನಂಬಬೇಡಿ ಎಂದು ಬುದ್ಧ ಕಾಲಾಮರಿಗೆ ಹೇಳಿದ. ಆತನ ಹೆಸರು ಹಚ್ಚಿ ಬಂದ ಮಾತಿಗೂ ಅದೇ ನಿಯಮ.

*ಇಂದಿನ ಅಭ್ಯಾಸ:* ಫಾರ್ವರ್ಡ್ ಮಾಡುವ ಮುನ್ನ ಕೇಳಿಕೊಳ್ಳೋಣ. ಇದನ್ನು ಯಾರು, ಹೇಗೆ ಪರೀಕ್ಷಿಸಿದರು? ಇದನ್ನು ನಂಬಿದರೆ ತಪ್ಪು ಯಾರ ತಲೆಗೆ ಬರುತ್ತದೆ?